ಉದ್ದ ತೂತು

ಹೊಡೆದವನಿಗೇ ಹಂದಿಯ ತಲೆ ಎಂಬುದು ಆ ಕಡೆಯ ಶಿಕಾರಿಯ ರೂಢಿ. ಪಾಲು ಹಾಕುವ ಹೊತ್ತಿಗೆ ಕುಶಾಲಪ್ಪ ಕತ್ತಿಗಿಂತ ಮೊದಲೇ ಮುಂದೆ ಬಂದು, ಸತ್ತ ಹಂದಿಯ ಪಕ್ಕೆಯ ತೂತಿನೊಳಗೆ ಬೆರಳು ಹಾಕಿ ತೋರಿಸಿದ.

"ನೋಡ್ರೋ, ಉದ್ದ ತೂತು! ನನ್ನ ಗುಂಡೇ ಇದು. ನಿಮ್ಮ ಕೋವಿಗಳೆಲ್ಲ ದುಂಡಗೆ ತೂತು ಮಾಡ್ತವೆ."

ಮಾಚಯ್ಯನಿಗೆ ಹೇಸಿಗೆಯಾಯಿತು. ನಿನ್ನ ಕೋವಿಯ ಬ್ಯಾರಲ್ಲಿನೊಳಗೆ ಗುಂಡನ್ನ ಸುತ್ತಿಸೋ ತಿರುವು ಕಮ್ಮಿ, ಅಷ್ಟು ತೂಕದ ಗುಂಡು ಅದರಲ್ಲಿ ಸರಿಯಾಗಿ ಸುತ್ತೋದಿಲ್ಲ, ಅಡ್ಡಡ್ಡ ಮಗುಚಿ ಎಲ್ಲೆಲ್ಲೋ ಹೋಗುತ್ತೆ, ಹಗುರದ್ದು ಹಾಕು ಎಂದು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು. ಈ ಮನುಷ್ಯನಿಗೆ ದೊಡ್ಡ ಗುಂಡೇ ಆಗಬೇಕು.

"ನಿನ್ನದೇ ಅಂತ ಖಾತ್ರಿಯಾ?"

"ಇಂಥ ತೂತು ಮಾಡೋ ಕೋವಿ ಇಲ್ಲಿ ಇನ್ನೊಂದಿದ್ರೆ ತೋರಿಸು ಮಾರಾಯ! ನಿನ್ನ ನಾಯಿ ಸತ್ತ ಸಿಟ್ಟನ್ನ ನನ್ನ ಮೇಲೆ ತೀರಿಸಬೇಡ. ಹಂದಿ ತಿವಿದದ್ದನ್ನ ನಾನೇ ಕಣ್ಣಾರೆ ಕಂಡೆ ಅಂತ ಆಗಲೇ ಹೇಳಿದೆನಲ್ಲ."

ಮಾಚಯ್ಯ ಪಕ್ಕದಲ್ಲಿದ್ದ ಗೋಣಿಚೀಲ ಬಿಚ್ಚಿ, ತನ್ನ ನಾಯಿ ಕೆಂಚಿಯನ್ನು ಎತ್ತಿ ಹಂದಿಯ ಪಕ್ಕ ಮಲಗಿಸಿದ. ಅದರ ಕುತ್ತಿಗೆಯಲ್ಲೂ ಅದೇ ಅಳತೆಯ ಉದ್ದ ತೂತಿತ್ತು.