ಅಳತೆಗಿಟ್ಟ ಶೀಷೆ

"ಮೂರನೇ ತೊಟ್ಟೀನೂ ಚರಂಡಿಗೆ ಸುರೀಬೇಕಾ? ನಿನ್ನ ಕಣ್ಣಿಗೇನು ಮಣ್ಣು ಬಿದ್ದಿದೆಯಾ?"

ಯೀಸ್ಟಣ್ಣ ಅಳತೆಕೋಣೆಯ ಬಾಗಿಲಲ್ಲೇ ನಿಂತು ಕೂಗಿದ. ಕಾಮಾಲೆ ವೈರಸ್ಸಿನ ಹೊರಕವಚದ ಪ್ರೋಟೀನನ್ನು ತೊಟ್ಟಿಯಲ್ಲಿ ಬೆಳೆಸಿದ ಯೀಸ್ಟ್ ಕೈಲಿ ಮಾಡಿಸಿ ಲಸಿಕೆಗೆ ಒದಗಿಸುವುದು ಅವನ ಕೆಲಸ. ಆ ಹೆಸರು ಬಂದದ್ದೂ ಹಾಗೇ. ಪ್ರೋಟೀನು ಸಾಕಷ್ಟಿದೆಯೇ ಎಂದು ಅಳೆದು ಹೇಳುವುದು ಒಳಗೆ ಕೂತಿದ್ದ ಹುಡುಗಿಯ ಕೆಲಸ.

"ಕೂಗಿದ್ರೆ ಪ್ರೋಟೀನು ಹೆಚ್ಚಾಗಲ್ಲ ಅಣ್ಣಾ. ಅರ್ಧಕ್ಕರ್ಧ ಕಮ್ಮಿ ಬಂದಿದೆ."

"ಇಷ್ಟು ವರ್ಷ ನನ್ನ ಒಂದು ತೊಟ್ಟಿಯಾದ್ರೂ ಫೇಲಾಗಿತ್ತಾ? ನೀನು ಆ ಹೊಸ ಶೀಷೆ ಸೀಲು ಒಡೆದ್ಮೇಲೆ ಶುರುವಾಯ್ತು ಈ ಪೀಡೆ. ನಾಳೆ ಸಾಹೇಬರು ನನ್ನ ಮನೆಗೆ ಕಳಿಸ್ತಾರೆ!"

ತಕ್ಕಡಿಗೆ ತೂಕದ ಬಟ್ಟು ಹೇಗೋ, ಅವಳಿಗೆ ಆ ಶೀಷೆ ಹಾಗೆ. ಒಳಗೆ ಇಷ್ಟೇ ಪ್ರೋಟೀನು ಇದೆಯೆಂದು ಚೀಟಿ ಹಚ್ಚಿ ಬಂದಿರುತ್ತದೆ. ಎರಡರ ಹನಿಯನ್ನೂ ತಟ್ಟೆಯ ಗುಳಿಗಳಿಗೆ ಹಾಕಿ ಮದ್ದು ಬೆರೆಸಿದರೆ, ಪ್ರೋಟೀನು ಇದ್ದಷ್ಟು ಹಳದಿ ಏರುತ್ತದೆ; ಶೀಷೆಯ ಹಳದಿಗೆ ತೊಟ್ಟಿಯ ಹಳದಿಯನ್ನು ಹೋಲಿಸಿ ಲೆಕ್ಕ ಕಟ್ಟಬೇಕು.

ಅವನ ಮಾತಿನಲ್ಲಿ ಹುರುಳಿತ್ತು. ಫ್ರೀಜರಿನ ಮೂಲೆಯಲ್ಲಿದ್ದ ಹಳೆಯ ಶೀಷೆಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಮುಖ ದಪ್ಪ ಮಾಡಿಕೊಂಡೇ ತೆಗೆದಳು. ಹೊಸದನ್ನೂ ಇಟ್ಟಳು. ಆಮೇಲೆ ತಕರಾರು ಬೇಡವೆಂದು, ಸೀಲು ಒಡೆಯದ ಇನ್ನೊಂದನ್ನು ಪಕ್ಕದ ಕಟ್ಟಡದಿಂದ ಕಡ ತಂದಳು.

ಯೀಸ್ಟಣ್ಣ ಜಗ್ಗದೆ ಕುಳಿತ.

"ನನ್ನ ಮಗಳು ಕಾಮಾಲೆ ವಾರ್ಡಲ್ಲಿ ನರ್ಸು, ಗೊತ್ತಲ್ಲ? ಮೊನ್ನೆ ರೋಗಿಗೆ ಚುಚ್ಚಿದ ಸೂಜಿ ಇವಳ ಬೆರಳಿಗೆ ನೆಟ್ಟಿತು. ಹೆದರಿದ್ಲಾ? 'ನಮ್ಮಪ್ಪನ ತೊಟ್ಟೀದೇ ಲಸಿಕೆ ಹಾಕಿಸ್ಕೊಂಡಿದೀನಿ' ಅಂತ ನಕ್ಕುಬಿಟ್ಲು. ಅಂಥಾ ತೊಟ್ಟಿ ಕಣಮ್ಮಾ ನಂದು!"

ತಟ್ಟೆಯಲ್ಲಿ ಬಣ್ಣ ಏರಿತು. ಹಳೆಯ ಶೀಷೆಯ ಲೆಕ್ಕದಲ್ಲಿ ತೊಟ್ಟಿ ಭರ್ಜರಿ ಪಾಸು.

"ಬಡ್ಕೊಂಡ್ನಲ್ಲ! ನಿನ್ನ ಹೊಸ ಶೀಷೇನೇ ಕೆಟ್ಟಿರೋದು. ಏಳು, ಸಾಹೇಬರ ಹತ್ರ ಹೋಗೋಣ."

ಅವಳು ಏಳಲಿಲ್ಲ. ಶೀಷೆಗಳ ಬಣ್ಣವನ್ನು ಮತ್ತೆ ಮತ್ತೆ ನೋಡಿದಳು. ಹೊಸದೂ ಕಡ ತಂದದ್ದೂ ಒಂದೇ ಗಾಢ ಹಳದಿ. ಮೂರರ ಚೀಟಿಯಲ್ಲೂ ಒಂದೇ ಅಂಕಿ, ಹಳೆಯದು ಮಾತ್ರ ಪೇಲವ.

"ಇನ್ನೂ ಏನಮ್ಮಾ ನೋಡ್ತಿದೀಯ?"

ಬಣ್ಣದ ತಟ್ಟೆಯನ್ನು ಅವನ ಮುಂದೆ ಸರಿಸಿದಳು. ಅವನು ಬಗ್ಗಿ ನೋಡಿದ. ಹಳೆಯದರ ಪೇಲವ ಗುಳಿಯ ಮೇಲೆ ಬೆರಳಿಟ್ಟ. ಜೇಬಿನಿಂದ ಫೋನು ತೆಗೆದ. ಮಗಳ ನಂಬರು ಹುಡುಕಿ, ಒತ್ತದೆ ಮತ್ತೆ ಜೇಬಿಗಿಳಿಸಿದ. ಕೆಲಸದ ಮೇಲಂಗಿಯನ್ನೂ ಬಿಚ್ಚದೆ ಹೊರಟುಹೋದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಕೆಟ್ಟಿದ್ದದ್ದು ಹಳೆಯ ಶೀಷೆ; ಅದರ ಪೇಲವದೆದುರು ಎಂಥ ತೊಟ್ಟಿಯೂ ಪಾಸೇ. ಇಷ್ಟು ವರ್ಷ ಪಾಸಾದ ತೊಟ್ಟಿಗಳೆಲ್ಲ ಈ ಮೂರರಷ್ಟೇ ಪೊಳ್ಳು, ಮಗಳ ತೋಳಿಗೆ ಹೋದದ್ದೂ ಸೇರಿ.