ಬಸವಣ್ಣನ ಮುಂದಿನ ಡಬ್ಬಿ

"ಇವತ್ತಿಂದ ಚಾರ್ಜು ಮತ್ತ ನಲವತ್ತು ರೂಪಾಯಿ ಆತ್ರೀ," ಎಂದು ಟಂಟಂ ಓಡಿಸುವ ಎರ್ರೆಪ್ಪ ಹೇಳಿದ್ದೇ ತಡ, ಆ ಮೂರುಗಾಲಿ ಗಾಡಿಯೊಳಗಿದ್ದ ಹತ್ತು ಮಂದಿಯ ಕಣ್ಣೂ ಅವನ ಮುಖ ಬಿಟ್ಟು, ಗಾಜಿನ ಕೆಳಗೆ ಅಂಟಿಸಿದ್ದ ಹಿತ್ತಾಳೆಯ ನಂದಿ ಬಸವಣ್ಣನ ಮೇಲೆ ಹೋಗಿ ಕೂತವು. ಬಳ್ಳಾರಿಗೆ ಹೊರಟ ಗಾಡಿ ಇನ್ನೂ ಬಾದನಹಟ್ಟಿ ದಾಟಿರಲಿಲ್ಲ.

"ಮತ್ತ ಆಣಿ ಮಾಡಿದ್ದು?" ಎಂದಳು ಸೊಪ್ಪು ಮಾರುವ ಶಿವಬಸಮ್ಮ.

"ಯವ್ವಾ, ಸರಕಾರ ಬಿಟ್ಟಿದ್ದ ತೆರಿಗಿ ನಿನ್ನೆಯಿಂದ ಮತ್ತ ಹಾಕೈತಿ. ಮೂವತ್ತೈದಕ್ಕ ಓಡಿಸಿದ್ರ ಡೀಸೆಲ್ಲಿಗೂ ಸಾಲಂಗಿಲ್ಲ. ಗಾಡಿ ಮನಿ ಮುಂದ ನಿಲ್ಲಿಸಬೇಕಾಗ್ತೈತಿ."

"ಸರಕಾರದ್ದು ಸರಕಾರಕ್ಕ. ನೀನು ಬಸವಣ್ಣನ ಮುಟ್ಟಿ ಹೇಳಿದ್ದು ನಮ್ಮ ಕಿವ್ಯಾಗ ಇನ್ನೂ ಐತಿ."

ಹೇಳಿದ್ದು ನಿಜ. ಎರಡು ತಿಂಗಳ ಹಿಂದೆ ಸರ್ಕಾರ ಡೀಸೆಲ್ ಮೇಲಿನ ತೆರಿಗೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದ ದಿನ, ಇದೇ ಮಂದಿ ಇದೇ ಗಾಡಿಯಲ್ಲಿ ಕೂತು, "ಏರಸೋದು ಅವತ್ತೇ ಏರಸ್ತೀರಿ, ಇಳಸೋದು ನೆನಪಿರಂಗಿಲ್ಲ" ಎಂದು ಚುಚ್ಚಿದ್ದರು. ಎರ್ರೆಪ್ಪ ವಿಭೂತಿ ಧರಿಸದೆ ಚಾವಿ ತಿರುಗಿಸದ ಮನುಷ್ಯ, ಮಾತು ನಾಟಿತು. ಬಸವಣ್ಣನ ಬೆನ್ನ ಮೇಲೆ ಬಲಗೈ ಇಟ್ಟು, "ಇವತ್ತಿಂದ ಮೂವತ್ತೈದು. ಅದರ ಮ್ಯಾಲ ಒಂದು ರೂಪಾಯಿ ಮುಟ್ಟಿದ್ರ ಈ ಕೈ ಬಿದ್ದು ಹೋಗಲಿ" ಎಂದುಬಿಟ್ಟ. ಸರ್ಕಾರ ತನ್ನ ಆದೇಶದಲ್ಲಿ 'ತಾತ್ಕಾಲಿಕ' ಎಂಬುದನ್ನು ಮರೆಯದೆ ಸೇರಿಸಿತ್ತು. ಎರ್ರೆಪ್ಪ ಸೇರಿಸಲಿಲ್ಲ. ದೇವರ ಮುಂದೆ ನಿಂತವನಿಗೆ ಅಂಥ ಜಾಣತನ ಎಲ್ಲಿಂದ ಹೊಳೆಯಬೇಕು?

ಆ ಎರಡು ತಿಂಗಳ ಭಾಗ್ಯವಾದರೂ ಎಂಥದ್ದು! ಮೊದಲ ನಾಲ್ಕು ದಿನ ಬಂಕಿನವರು 'ಸ್ಟಾಕ್ ಇಲ್ಲ' ಎಂದು ಅಡ್ಡ ಹಗ್ಗ ಕಟ್ಟಿದರು. ಐದನೆಯ ದಿನ ಹಗ್ಗ ಬಿಚ್ಚಿದಾಗ ಅರ್ಧ ದಿನ ಸಾಲಿನಲ್ಲಿ ನಿಂತು ತುಂಬಿಸಿಕೊಂಡಿದ್ದಾಯಿತು. ಆಮೇಲೆ ದಿನಕ್ಕೆ ನಾಲ್ಕಾಣೆ, ಎಂಟಾಣೆ, ಇರುವೆ ಸಕ್ಕರೆ ಹೊತ್ತಂತೆ, ದರ ತನ್ನ ಹಳೆಯ ಜಾಗಕ್ಕೆ ತಾನೇ ನಡೆದು ಬಂತು. ಈಗ ಅದರ ಹೆಗಲ ಮೇಲೆ ತೆರಿಗೆಯೂ ಹತ್ತಿ ಕೂತಿತ್ತು. ಬಂಕಿನ ಮುಂದೆ ತೆರಿಗೆ ಬಿಟ್ಟ ಮಹನೀಯರಿಗೆ ಅಭಿನಂದನೆ ಹೇಳುವ ಫ್ಲೆಕ್ಸ್ ಮಾತ್ರ ಹಾಗೇ ಇತ್ತು. ಮಹನೀಯರು ಕೈಮುಗಿದುಕೊಂಡು ನಗುತ್ತಿದ್ದರು.

"ಅಲ್ಲ ಯವ್ವಾ, ಆಗ ನೀನು ಸೊಪ್ಪಿನ ಕಟ್ಟಿಗೆ ಒಂದು ರೂಪಾಯಿ ಇಳಿಸಿದ್ದೇನು?" ಎಂದು ಎರ್ರೆಪ್ಪ ಕೇಳಿದ.

"ಸೊಪ್ಪು ಡೀಸೆಲ್ ಕುಡಿತೈತೇನೋ ನನ್ನಪ್ಪಾ?"

ಗಾಡಿಯೇ ಗೊಳ್ಳೆಂದು ನಕ್ಕಿತು. ಜೀನ್ಸ್ ಹೊಲಿಯಲು ಬಳ್ಳಾರಿಗೆ ಹೋಗುವ ಮಹಮ್ಮದ್ ಗೌಸನಿಗೆ ಮಾತ್ರ ಕನಿಕರ ಬಂತು. "ಎರ್ರೆಪ್ಪಣ್ಣ, ಹಿಂಗ ಮಾಡ್ರಿ. ಮೂವತ್ತೈದು ನಿಮ್ಮ ಕೈಗೆ. ಐದು ರೂಪಾಯಿ ಬಸವಣ್ಣನ ಮುಂದ ಒಂದು ಡಬ್ಬ್ಯಾಗ. ಸಂಜಿಕ ಪ್ರಸಾದ ಅಂತ ನೀವು ತಗೋರಿ. ಆಣಿನೂ ಉಳಿತು, ಗಾಡಿನೂ ಉಳಿತು."

ಎರ್ರೆಪ್ಪನಿಗೆ ಸಾಕ್ಷಾತ್ ಬಸವಣ್ಣನೇ ಗೌಸನ ಬಾಯಲ್ಲಿ ನುಡಿದಂತಾಯಿತು. ಅಂದೇ ಒಂದು ಹಾಲಿನ ಪುಡಿಯ ಡಬ್ಬಿ ತಂದಿಟ್ಟ. ಏನು ಸೋಜಿಗವೋ! ಎರ್ರೆಪ್ಪನಿಗೆ ಐದು ರೂಪಾಯಿ ಕೊಡಲು ಜಗಳವಾಡಿದವರೆಲ್ಲ, ಬಸವಣ್ಣನಿಗೆ ಎಂದ ಕೂಡಲೇ ಕಣ್ಣಿಗೊತ್ತಿಕೊಂಡು ಹಾಕಿದರು.

ಸಂಜೆ ಕೊನೆಯ ಟ್ರಿಪ್ಪು ಬಾದನಹಟ್ಟಿ ಮುಟ್ಟಿದ ಮೇಲೆ ಎರ್ರೆಪ್ಪ ಕೈಮುಗಿದು ಡಬ್ಬಿಯತ್ತ ಕೈ ಚಾಚಿದ.

"ಲೇ ಲೇ, ಮುಟ್ಟಬ್ಯಾಡ!" ಶಿವಬಸಮ್ಮ ಚೀರಿದಳು. "ನಾನು ಮೊಣಕಾಲು ನೋವು ಹೋಗಲಿ ಅಂತ ಹರಕಿ ಹೊತ್ತು ಹಾಕೀನಿ."

"ನಂದು ಎಮ್ಮಿ ಗಬ್ಬ ಆಗಲಿ ಅಂತ," ಹಿಂದಿನಿಂದ ಇನ್ನೊಂದು ದನಿ.

"ನನ್ನ ಮಗಳು ಪಿಯುಸಿ ಪಾಸಾಗಲಿ ಅಂತ."

ಎರ್ರೆಪ್ಪ ಗೌಸನ ಮುಖ ನೋಡಿದ. ಗೌಸ್ ತಲೆ ಕೆರೆದುಕೊಂಡ. "ತಪ್ಪು ತಿಳ್ಕೋಬ್ಯಾಡ್ರಿ ಅಣ್ಣ. ಹೆಂಗಿದ್ರೂ ಹಾಕಾಕತ್ತೀನಿ, ನಮ್ಮ ಅಸ್ಮಾಗೊಂದು ಚಲೋ ಸಂಬಂಧ ಬರಲಿ ಅಂತ ಅನ್ಕೊಂಡುಬಿಟ್ಟೆ."

ಅಷ್ಟು ಜನರ ಹರಕೆಯ ದುಡ್ಡಿಗೆ ಕೈ ಹಾಕುವುದು ಹೇಗೆ? ಎರ್ರೆಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಮರುದಿನವೂ ಡಬ್ಬಿ ತುಂಬುತ್ತಾ ಹೋಯಿತು, ಟ್ಯಾಂಕು ಬರಿದಾಗುತ್ತಾ ಹೋಯಿತು.

ನಾಲ್ಕನೆಯ ದಿನ, ಬಂಕು ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಟಂಟಂ ಎರಡು ಸಲ ಕೆಮ್ಮಿ ನಿಂತಿತು. ಎಲ್ಲರೂ ಇಳಿದು ಹೆಗಲು ಕೊಟ್ಟರು; ಎರ್ರೆಪ್ಪ ಪಕ್ಕದಲ್ಲಿ ನಡೆಯುತ್ತ ಎಡಗೈಯಲ್ಲಿ ಸ್ಟೇರಿಂಗು ಹಿಡಿದು ಬಲಗೈಯಲ್ಲಿ ನೂಕಿದ. ಮೊಣಕಾಲಿನ ನೆಪದಲ್ಲಿ ಶಿವಬಸಮ್ಮ ಮಾತ್ರ ಒಳಗೇ ಉಳಿದಳು. ಒಂದೊಂದು ನೂಕಿಗೂ ಡಬ್ಬಿ ಝಣಝಣ ಎನ್ನುತ್ತಿತ್ತು. ಹೊರಗೆ ಬೆವರುತ್ತಿದ್ದವರನ್ನು ನೋಡಿ, ಎದುರಿಗೆ ಗಂಭೀರವಾಗಿ ಕೂತಿದ್ದ ಬಸವಣ್ಣನನ್ನೂ ನೋಡಿ ಅವಳು ನಿಟ್ಟುಸಿರುಬಿಟ್ಟಳು: "ಏನು ಕಾಲ ಬಂತಪ್ಪ ಬಸವಣ್ಣ! ಮೊದಲ ನೀ ಎಳಿತಿದ್ದಿ, ನಾವು ಕುಂದರ್ತಿದ್ವಿ."

ಬಂಕಿನ ಮುಂದೆ ಗಾಡಿ ನಿಂತಾಗ ಎರ್ರೆಪ್ಪ ಸ್ಟೇರಿಂಗು ಬಿಟ್ಟು, ಬೊಬ್ಬೆಯೆದ್ದ ತನ್ನ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡ. ಆಮೇಲೆ ತಲೆಯೆತ್ತಿ ಫ್ಲೆಕ್ಸನ್ನು ನೋಡಿದ.

"ಮಾತು ಹಿಂದಕ್ಕ ತಗೊಂಡ್ರ ಕೈ ಬೀಳ್ತಾವ ಅಂತ ನಂಬಿದ್ನಲ್ಲೋ ಗೌಸಣ್ಣ," ಎಂದ ಶಾಂತವಾಗಿ, ಮಹನೀಯರ ಮುಗಿದು ನಿಂತ ಆ ದೊಡ್ಡ ದೊಡ್ಡ ಕೈಗಳನ್ನು ತೋರಿಸಿ. "ನೋಡು, ಒಂದು ಉಗುರೂ ಮುಕ್ಕಾಗಿಲ್ಲ."