ಕೆಂಪು ಚುಕ್ಕೆ

ಆ ಗ್ಯಾರೇಜಿನಲ್ಲಿ ಯಜಮಾನನ ಸ್ಪ್ಯಾನರ್‌ಗಳೂ ಇದ್ದವು, ಮೆಕ್ಯಾನಿಕ್ ಸ್ವಂತ ದುಡ್ಡು ಹಾಕಿ ಕೊಂಡುಕೊಂಡವೂ ಇದ್ದವು. ಒಂದಕ್ಕೊಂದು ಬೆರೆತುಹೋಗದಿರಲೆಂದು ಮೆಕ್ಯಾನಿಕ್ ತನ್ನವುಗಳ ಮೇಲೆಲ್ಲ ಹೆಂಡತಿಯ ನೇಲ್ ಪಾಲಿಶ್‌ನಿಂದ ಕೆಂಪು ಚುಕ್ಕೆ ಇಟ್ಟಿದ್ದ.

"ಈ ಸಂಬಳಕ್ಕೆ ಇನ್ನು ಆಗಲ್ಲ ಯಜಮಾನ್ರೇ. ಆಚೆ ಬೀದಿ ಗ್ಯಾರೇಜಿಗೆ ಕರೀತಿದ್ದಾರೆ. ಸ್ವಂತ ಸಾಮಾನಿದ್ರೆ ಜಾಸ್ತಿ ಕೊಡ್ತಾರಂತೆ."

"ಹೋಗಯ್ಯ, ಯಾರು ಬೇಡ ಅಂದ್ರು? ಆದ್ರೆ ಚುಕ್ಕೆ ಇರೋದು ಮಾತ್ರ ಎತ್ಕೋಬೇಕು. ನನ್ನದೊಂದು ನಟ್ಟು ಕೂಡ ಆಚೆ ಹೋಗಬಾರ್ದು. ಇಲ್ಲೇ ನಿಂತು ನೋಡ್ತೀನಿ."

"ಧಾರಾಳವಾಗಿ ನೋಡಿ."

ಯಜಮಾನ ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿದ. ಸ್ಪ್ಯಾನರ್‌ಗಳ ಮೇಲೆ ಚುಕ್ಕೆಯಿತ್ತು. ಸುತ್ತಿಗೆಯ ಮೇಲೂ ಇತ್ತು. ದೊಡ್ಡ ಜಾಕ್ ಹೊರಟಾಗ ಮಾತ್ರ ತಲೆ ಕೆರೆದುಕೊಂಡ.

"ಇದೂ ನಿಂದೇನಾ?"

"ಚುಕ್ಕೆ ನೋಡಿ ಯಜಮಾನ್ರೇ."

ಚುಕ್ಕೆಯಿತ್ತು. ಯಜಮಾನನೇ ಒಂದು ಕಡೆ ಹಿಡಿದು ಜಾಕನ್ನು ಆಟೋಗೆ ಹತ್ತಿಸಿದ.

ಮೆಕ್ಯಾನಿಕ್ ಮನೆಗೆ ಬಂದರೆ ಹೆಂಡತಿ ಪುಟ್ಟ ಬಾಟಲಿಯೊಂದನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಮೊನ್ನೆ ತಂದ ನೇಲ್ ಪಾಲಿಶ್ ಪೂರ್ತಿ ಖಾಲಿ! ನಿಜ ಹೇಳ್ರೀ, ಯಾವಳಿಗೆ ಹಚ್ಚಿ ಬಂದ್ರಿ?"